ಗುಮ್ಮನಲ್ಲ, ನಮ್ಮವರು



ಊಟ ಮಾಡದ ಮಗುವಿಗೆ ನಾವು ಏನು ಹೇಳುತ್ತೇವೆ? "ಉಣ್ಣದಿದ್ದರೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಹಾಕಿಸುತ್ತೇನೆ." ಹಟ ಮಾಡುವ ಮಗುವಿಗೆ? "ನೋಡು, ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರೆ." ಓದದ ಮಗುವಿಗೆ? "ಹೀಗೇ ಇದ್ದರೆ ನೀನು ಕಸ ಹೆಕ್ಕಲು ಹೋಗಬೇಕಾದೀತು." ಈ ಮೂರರಲ್ಲಿ ಒಂದು ಮಾತಾದರೂ ಕೇಳಿಬರದ ಮನೆ ನಮ್ಮ ಕಡೆ ಅಪರೂಪ. ಮಗು ಎರಡು ತುತ್ತು ಹೆಚ್ಚು ಉಂಡೀತು, ಹಟ ನಿಲ್ಲಿಸೀತು. ಆದರೆ ಅದರ ಜೊತೆಗೆ ಇನ್ನೊಂದು ಪಾಠವನ್ನೂ ಕಲಿತಿರುತ್ತದೆ. ಡಾಕ್ಟರರು ನೋಯಿಸುವವರು, ಪೊಲೀಸರು ಹಿಡಿಯುವವರು, ಕಸ ಹೆಕ್ಕುವವರು ಕೀಳು ಎಂಬ ಪಾಠ. ಕಷ್ಟ ಬಂದಾಗ ಯಾರ ಬಳಿಗೆ ಓಡಬೇಕೋ ಅವರನ್ನೇ ನಾವು ಗುಮ್ಮನನ್ನಾಗಿ ಮಾಡಿಟ್ಟಿದ್ದೇವೆ.

ಒಂದನೇ ತರಗತಿಯ ಪುಸ್ತಕದಲ್ಲಿ ವೈದ್ಯರು, ಅಂಚೆಯವರು, ಪೊಲೀಸರು, ಶಿಕ್ಷಕರು ಎಂದು ಚಿತ್ರಗಳಿರುತ್ತವೆ. ಮಕ್ಕಳು ಹೆಸರು ಹೇಳುತ್ತಾರೆ, ಬಣ್ಣ ತುಂಬುತ್ತಾರೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಉಳಿದದ್ದನ್ನು ಕಲಿಸಬೇಕಾದವರು ಮನೆಯವರು. ಇದು ಆರೋಗ್ಯದ ವಿಷಯವೂ ಹೌದು, ಕೃಷಿಯ ವಿಷಯವೂ ಹೌದು. ಆದುದರಿಂದಲೇ ಈ ಅಂಕಣದಲ್ಲಿ ಎತ್ತಿಕೊಂಡಿದ್ದೇವೆ.

ಬಚ್ಚಿಟ್ಟ ಗಾಯ

ಸೂಜಿಗೆ ಹೆದರುವ ಮಗುವಿಗೆ ನಾಯಿ ಪರಚಿದರೆ ಏನಾಗುತ್ತದೆ? ಮನೆಯಲ್ಲಿ ಹೇಳುವುದಿಲ್ಲ. ಬೈಗುಳದ ಭಯ ಒಂದು ಕಡೆ, ಆಸ್ಪತ್ರೆಯ ಭಯ ಇನ್ನೊಂದು ಕಡೆ. ಚಡ್ಡಿ ಎಳೆದು ಗಾಯ ಮುಚ್ಚಿಕೊಳ್ಳುತ್ತದೆ. ಎರಡು ದಿನದಲ್ಲಿ ಗಾಯ ಒಣಗುತ್ತದೆ. ಆದರೆ ಆ ನಾಯಿಗೆ ಹುಚ್ಚು ಇದ್ದಿದ್ದರೆ ವಿಷ ನರಗಳ ಮೂಲಕ ಮೆದುಳಿನತ್ತ ಏರುತ್ತಾ ಹೋಗುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ನೀರು ಕಂಡರೆ ಹೆದರುವ ಲಕ್ಷಣ ಕಾಣಿಸಿಕೊಂಡಿತೆಂದರೆ ಮತ್ತೆ ಬದುಕಿಸುವ ಮದ್ದು ಇಲ್ಲವೆಂದೇ ಹೇಳಬೇಕು. ಹುಚ್ಚು ಇದೆಯೆಂಬ ಸಂಶಯವಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತು ಮಂದಿ 15 ವರ್ಷಕ್ಕಿಂತ ಕೆಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಚ್ಚಿದ ಕೂಡಲೇ ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಗಾಯವನ್ನು ಸಾಬೂನು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಸಿನ, ಮೆಣಸಿನ ಪುಡಿ, ಸುಣ್ಣ ಏನನ್ನೂ ಹಚ್ಚಬಾರದು, ಬಟ್ಟೆ ಬಿಗಿದು ಕಟ್ಟಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರಿನಾಯಿಯಾದರೂ, ಸಾಕಿದ ಬೆಕ್ಕಾದರೂ, ರಕ್ತ ಬಾರದ ಬರೀ ಪರಚು ಗಾಯವಾದರೂ ತೋರಿಸಬೇಕು. ಈಗಿನ ಲಸಿಕೆಯನ್ನು ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ತೋಳಿನ ಚರ್ಮಕ್ಕೆ ಕೊಡುತ್ತಾರೆ. ಮೊದಲ ದಿನ, ಅಲ್ಲಿಂದ 3ನೇ, 7ನೇ ಮತ್ತು 28ನೇ ದಿನ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಮದ್ದು ಕೊಡುತ್ತಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಅಜ್ಜಂದಿರು ಹೇಳುವುದು ಹಳೆಯ ಲಸಿಕೆಯ ಕಥೆ. ಅದರ ತಯಾರಿ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿದೆ. ಲಸಿಕೆ ಹೋಯಿತು, ಹೆದರಿಕೆ ಮಾತ್ರ ಉಳಿದುಕೊಂಡಿದೆ.

ಮಕ್ಕಳಿಗೆ ಹೇಳಲು ಇಲ್ಲೊಂದು ನಿಜವಾದ ಕಥೆ ಇದೆ. 1885ರ ಜುಲಾಯಿ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಅವನ ತಾಯಿ ಪ್ಯಾರಿಸ್ ನಗರಕ್ಕೆ, ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯ ಬಳಿಗೆ ಕರೆತಂದಳು. ಹುಚ್ಚುನಾಯಿ ಅವನನ್ನು ಕಂಡಕಂಡಲ್ಲಿ ಕಚ್ಚಿತ್ತು. ಪಾಶ್ಚರರು ಕಂಡುಹಿಡಿದ ಹೊಸ ಲಸಿಕೆಯನ್ನು ಆಗ ಮನುಷ್ಯರ ಮೇಲೆ ಸರಿಯಾಗಿ ಪ್ರಯೋಗಿಸಿ ನೋಡಿರಲಿಲ್ಲ. ಅವರು ವೈದ್ಯರೂ ಆಗಿರಲಿಲ್ಲ. ವೈದ್ಯರೊಬ್ಬರನ್ನು ಕರೆಸಿ ಹತ್ತು ದಿನಗಳಲ್ಲಿ ಹದಿಮೂರು ಬಾರಿ ಲಸಿಕೆ ಹಾಕಿಸಿದರು. ಹುಡುಗ ಬದುಕಿದ. ದೊಡ್ಡವನಾದ ಮೇಲೆ ಪಾಶ್ಚರರ ಸಂಸ್ಥೆಯಲ್ಲಿಯೇ ಕಾವಲುಗಾರನಾಗಿ ದುಡಿದ. ಸೂಜಿ ಶಿಕ್ಷೆಯಲ್ಲ, ರಕ್ಷೆ ಎಂದು ಮಗುವಿಗೆ ಮನದಟ್ಟು ಮಾಡಲು ಇಂಥ ಒಂದು ಕಥೆ ಸಾಕು.

ಸುಳ್ಳು ಹೇಳಬಾರದು

ಹೆದರಿಸಬಾರದು ಎಂದಕೂಡಲೇ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. "ಏನೂ ನೋಯುವುದಿಲ್ಲ ಮಗಾ, ಇರುವೆ ಕಚ್ಚಿದ ಹಾಗೆಯೂ ಇಲ್ಲ" ಎನ್ನುತ್ತಾರೆ. ಸೂಜಿ ಚುಚ್ಚಿದ ಕ್ಷಣದಲ್ಲಿ ಮಗುವಿಗೆ ತಿಳಿಯುವುದು ಎರಡು ಸಂಗತಿ: ನೋಯುತ್ತದೆ, ಮತ್ತು ಅಮ್ಮ ಸುಳ್ಳು ಹೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಮೇಲು. "ಸ್ವಲ್ಪ ನೋಯುತ್ತದೆ. ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ. ನಾನು ಕೈ ಹಿಡಿದುಕೊಂಡಿರುತ್ತೇನೆ." ಹಿಂದಿನ ದಿನ ಮನೆಯಲ್ಲಿ ಗೊಂಬೆಗೆ ಸೂಜಿ ಹಾಕುವ ಆಟ ಆಡಿಸಬಹುದು. ದಾದಿಯ ಪಾತ್ರ ಮಗುವಿಗೇ ಇರಲಿ. ಆಸ್ಪತ್ರೆಗೆ ಹೋದಾಗ ದಾದಿಯ ಹೆಸರು ಕೇಳಿ ಮಗುವಿಗೆ ತಿಳಿಸಿ. ಹೆಸರು ಗೊತ್ತಿರುವವರು ಗುಮ್ಮನಾಗುವುದಿಲ್ಲ.

ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು ಯಾರೆಂದೂ ಹೇಳಿಕೊಡಿ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಬಂದವರು ಇವರು. ಹೆಚ್ಚಿನವರು ಅದೇ ಊರಿನವರು. ಹಸುಗೂಸಿನ ಲಸಿಕೆಯ ದಿನವನ್ನು ನೆನಪಿಸುವವರು, ಜ್ವರದ ಮನೆಗೆ ಮೊದಲು ಬರುವವರು, ನಿಂತ ನೀರು ಚೆಲ್ಲಿ ಎನ್ನುವವರು ಇವರೇ. ಅಂಗನವಾಡಿ ಇದಕ್ಕಿಂತ ಹಳೆಯದು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾದ ಯೋಜನೆಯಿಂದ ಹುಟ್ಟಿದ್ದು. ಇಂದು ಅಜ್ಜ ಅಜ್ಜಿಯರಾದ ಕೆಲವರ ಮಕ್ಕಳೂ ಅಲ್ಲಿಯೇ ಗಂಜಿ ಉಂಡು ಬೆಳೆದವರು.

ಚಿತ್ರದಲ್ಲಿ ಇಲ್ಲದವರು

ಪುಸ್ತಕದ ಚಿತ್ರದಲ್ಲಿ ಇರುವವರೆಲ್ಲ ಸಮವಸ್ತ್ರ ತೊಟ್ಟವರು. ನಮ್ಮ ತೋಟ ಅಂಗಳಗಳನ್ನು ಉಳಿಸುವ ಎಷ್ಟೋ ಮಂದಿಗೆ ಸಮವಸ್ತ್ರವೇ ಇಲ್ಲ. ಅವರನ್ನು ತೋರಿಸುವಾಗ ಮೂರು ಪ್ರಶ್ನೆ ಕೇಳುವ ರೂಢಿ ಮಾಡೋಣ. ಇವರು ಏನು ಮಾಡುತ್ತಾರೆ? ಇವರಿಲ್ಲದಿದ್ದರೆ ಏನಾಗುತ್ತದೆ? ಇವರ ಕೆಲಸ ಸುಲಭವಾಗಲು ನಾವು ಏನು ಮಾಡಬಹುದು? ಮೂರನೆಯ ಪ್ರಶ್ನೆಯೇ ಮುಖ್ಯ.

ಅಡಿಕೆಗೆ ಮದ್ದು ಬಿಡುವವರನ್ನು ನೋಡಿ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಅವರು ಮರ ಏರಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಯಡಿಕೆ ಉದುರುತ್ತದೆ, ವರ್ಷದ ಆದಾಯ ಮರದ ಬುಡದಲ್ಲಿ ಕೊಳೆಯುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕವನ್ನು ಎಂಟು ವರ್ಷದ ಮಗು ಬಾಯಿಪಾಠ ಮಾಡಬಲ್ಲದು. ದ್ರಾವಣಕ್ಕೆ ಕಬ್ಬಿಣದ ಚೂರಿ ಅದ್ದಿ, ಅಲಗು ಕೆಂಪಡರಿದರೆ ಇನ್ನೂ ಸುಣ್ಣ ಬೇಕು ಎಂದು ಹಿರಿಯರು ನೋಡುವುದನ್ನು ದೂರದಿಂದ ತೋರಿಸಿ. ಮೂರನೆಯ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಮರದ ಕೆಳಗೆ ಹೋಗಬಾರದು, ಮೇಲಿದ್ದವರನ್ನು ಕೂಗಿ ಮಾತಾಡಿಸಬಾರದು, ಇಳಿದು ಬಂದಾಗ ಕೈ ತೊಳೆಯಲು ನೀರು, ಸಾಬೂನು ತಂದಿಡಬೇಕು. ಅವರನ್ನು ಮಗು ಬರೀ ಹೆಸರಿಡಿದು ಕೂಗದೆ, ಮಾಮ ಎಂದೋ ಅಣ್ಣ ಎಂದೋ ಕರೆಯಲಿ. ಹಿರಿಯರು ಹಾಗೆ ಕರೆದರೆ ಮಕ್ಕಳು ತಾವಾಗಿಯೇ ಕಲಿಯುತ್ತಾರೆ.

ಮಳೆಗಾಲದ ನಡುರಾತ್ರಿಯಲ್ಲಿ ಕಂಬ ಏರುವ ಲೈನ್‌ಮ್ಯಾನ್‌ರ ವಿಷಯವೂ ಹಾಗೆಯೇ. "ಕರೆಂಟು ಇನ್ನೂ ಬರಲಿಲ್ಲ" ಎಂದು ನಾವು ಗೊಣಗುವುದನ್ನು ಮಗು ಕೇಳುತ್ತದೆ. ತೋಟದ ಮೇಲೆ ಬಿದ್ದ ತಂತಿಯನ್ನು ಜೀವಭಯದ ನಡುವೆ ಅವರು ಎತ್ತಿ ಕಟ್ಟುವುದನ್ನು ಕೇಳಿರುವುದಿಲ್ಲ. ಮಗು ಕಲಿಯಬೇಕಾದ ಪಾಠ ಇಷ್ಟೇ: ಬಿದ್ದ ತಂತಿಯನ್ನು ಮುಟ್ಟಬಾರದು, ಹತ್ತಿರ ಹೋಗಬಾರದು, ಹಸು ಕರುವನ್ನು ಬಿಡಿಸಲೂ ಹೋಗಬಾರದು, ಹಿರಿಯರನ್ನು ಕೂಗಬೇಕು. ದೊಡ್ಡವರಿಗೂ ಒಂದು ಮಾತು. ವಿದ್ಯುತ್ ತಂತಿಯ ಹತ್ತಿರ ಅಲ್ಯೂಮಿನಿಯಂ ದೋಟಿ ಹಿಡಿದು ಹಲಸು, ಅಡಿಕೆ ಕೊಯ್ಯುವುದನ್ನು ನಿಲ್ಲಿಸಬೇಕು. ಮಕ್ಕಳು ಕಲಿಯುವುದು ನೋಡಿಯೇ.

ದನದ ಡಾಕ್ಟರರು ಹಟ್ಟಿಗೆ ಬಂದಾಗ ಮಗುವನ್ನು ಒಳಗೆ ಅಟ್ಟಬೇಡಿ. ದೂರದಲ್ಲಿ ನಿಲ್ಲಿಸಿ ತೋರಿಸಿ. ದನದ ಕಿವಿಯಲ್ಲಿರುವ ಹಳದಿ ಬಿಲ್ಲೆಯ ಮೇಲೆ 12 ಅಂಕೆಗಳ ಸಂಖ್ಯೆ ಇರುತ್ತದೆ. ಅದನ್ನು ಮಗುವಿನಿಂದಲೇ ಓದಿಸಿ, ಬರೆಸಿ. ಕಾಲುಬಾಯಿ ಜ್ವರದ ಲಸಿಕೆ ಹಾಕಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವ ಕೆಲಸ ಅದಕ್ಕೇ ಇರಲಿ. ಹಸುವಿಗೂ ಸೂಜಿ, ತನಗೂ ಸೂಜಿ, ಎರಡೂ ರೋಗ ಬಾರದಿರಲೆಂದು. ಇದಕ್ಕಿಂತ ಸರಳವಾದ ಪಾಠ ಬೇಕೆ?

ನಮ್ಮ ಕಾಸರಗೋಡು ಸೀಮೆಯ ಗುಡ್ಡಗಳಲ್ಲಿ ಸುರಂಗ ತೋಡುವವರನ್ನೂ ಮಕ್ಕಳು ತಿಳಿದಿರಬೇಕು. ಮುರಕಲ್ಲಿನ ಗುಡ್ಡದ ಒಳಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟು ದಾರಿ ಕೊರೆದು ನೀರಿನ ಒರತೆಯನ್ನು ಹುಡುಕುವವರು ಅವರು. ಪಂಪು ಇಲ್ಲದೆ, ಕರೆಂಟು ಇಲ್ಲದೆ ತಾನಾಗಿ ಹರಿದು ಬರುವ ಆ ನೀರಿನಿಂದ ಎಷ್ಟೋ ತೋಟಗಳು ಎದ್ದಿವೆ. ಹೊರಬಾಯಿಯಲ್ಲಿ ನಿಂತು ತೋರಿಸಿ. ಹಿರಿಯರಿಲ್ಲದೆ ಒಳಗೆ ಕಾಲಿಡಬಾರದೆಂದೂ ಕಟ್ಟುನಿಟ್ಟಾಗಿ ಹೇಳಿ.

ಇನ್ನು, ನಾವು ಮೊದಲಲ್ಲಿ ಹೇಳಿದ ಕಸ ಹೆಕ್ಕುವವರು. ಇಂದು ಕೇರಳದ ಪಂಚಾಯತುಗಳಲ್ಲಿ ಹರಿತ ಕರ್ಮ ಸೇನೆಯ ಮಹಿಳೆಯರು ಮನೆ ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಅವರು ಬಾರದ ದಿನಗಳಲ್ಲಿ ನಾವು ಅದನ್ನು ಅಂಗಳದಲ್ಲಿ ಸುಟ್ಟು ಹೊಗೆ ಕುಡಿದವರು, ಇಲ್ಲವೇ ತೋಡಿಗೆ ಎಸೆದವರು. ಹಾಲಿನ ಪ್ಯಾಕೆಟು ತೊಳೆದು ಒಣಗಿಸಿ ಇಡುವುದು ಐದು ವರ್ಷದ ಮಗುವಿಗೂ ಆಗುವ ಕೆಲಸ. ಒಡೆದ ಗಾಜನ್ನು ಅದೇ ಚೀಲಕ್ಕೆ ತುರುಕಿದರೆ ಆ ಅಕ್ಕನ ಕೈ ಕೊಯ್ಯುತ್ತದೆ ಎಂದು ಹೇಳಿ. ಮಗುವಿಗೆ ಕೂಡಲೇ ಅರ್ಥವಾಗುತ್ತದೆ. ಇನ್ನೊಬ್ಬರ ಕೈಯ ನೋವನ್ನು ಊಹಿಸಬಲ್ಲ ಮಗು ಯಾರ ಕೆಲಸವನ್ನೂ ಕೀಳಾಗಿ ಕಾಣುವುದಿಲ್ಲ.

ಕಂಡದ್ದನ್ನು ಹೇಳಿದವರು

ಉಪಕಾರಿಗಳ ಕೆಲಸ ಮದ್ದು ಕೊಡುವಲ್ಲಿಗೆ, ಕಾಗದ ಬರೆಯುವಲ್ಲಿಗೆ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಇದನ್ನು ಹೇಳಲೇಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಪಡ್ರೆ ಗ್ರಾಮದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಒಂದೇ ಬಗೆಯ ಕಠಿಣ ಕಾಯಿಲೆಗಳು ಹತ್ತಿರ ಹತ್ತಿರದ ಮನೆಗಳಲ್ಲಿ ಇರುವುದನ್ನು ಗಮನಿಸಿ ಜನರ ಮುಂದಿಟ್ಟರು. ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಅವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷವನ್ನು ತಡೆಯಿತು. ವೈದ್ಯ, ಪತ್ರಕರ್ತ, ಕೃಷಿ ಉದ್ಯೋಗಿ, ಇವರು ಕಂಡದ್ದನ್ನು ಕಂಡಂತೆ ಹೇಳಿದರು. ಹಾಸಿಗೆ ಹಿಡಿದ ಮಕ್ಕಳನ್ನು ಇಂದಿಗೂ ನೋಡಿಕೊಳ್ಳುತ್ತಿರುವ ತಾಯಂದಿರನ್ನೂ ಈ ಸಾಲಿಗೆ ಸೇರಿಸಬೇಕು.

ಹೇಳಲು ಬಾಯಿ ಬೇಕು

ನಮ್ಮ ಮಕ್ಕಳಿಗೆ ಗಡಿನಾಡಿನ ಒಂದು ತೊಂದರೆ ಇದೆ. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಕನ್ನಡ. ಆದರೆ ಆಸ್ಪತ್ರೆಯ ದಾದಿ, ಠಾಣೆಯ ಪೊಲೀಸರು, ಫೋನಿನಲ್ಲಿ ಉತ್ತರಿಸುವವರು ಹೆಚ್ಚಾಗಿ ಮಲಯಾಳ ಮಾತಾಡುತ್ತಾರೆ. ದೊಡ್ಡವರು ಹೇಗೋ ನಿಭಾಯಿಸುತ್ತೇವೆ. ಹೆದರಿದ ಮಗುವಿಗೆ ಬಾಯಿಯೇ ಬರುವುದಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಊರು, ವಾರ್ಡು, ಹತ್ತಿರದ ಶಾಲೆ ಅಥವಾ ಇಗರ್ಜಿ, ಮನೆಯ ಒಂದು ಫೋನ್ ನಂಬರು, ಇಷ್ಟನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ತಡವರಿಸದೆ ಹೇಳಲು ಕಲಿಸಿ. "ಪಟ್ಟಿ ಕಡಿಚ್ಚು" ಎಂದರೆ ನಾಯಿ ಕಚ್ಚಿತು. "ವೇದನ" ಎಂದರೆ ನೋವು. "ಎನ್ಡೆ ವೀಡ್" ಎಂದರೆ ನನ್ನ ಮನೆ. ನಾಲ್ಕು ಮಾತು ಸಾಕು, ಉಳಿದದ್ದನ್ನು ಎದುರಿಗಿದ್ದವರು ಕೇಳಿ ತಿಳಿಯುತ್ತಾರೆ.

ಈ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಮಗುವಿನ ಕಣ್ಣಿಗೆ ನೇರವಾಗಿ ಬೀಳುವ ಎತ್ತರದಲ್ಲಿ ಗೋಡೆಗೆ ಅಂಟಿಸಿ:

ಯಾವುದೇ ತುರ್ತು ಸಹಾಯಕ್ಕೆ – 112
ಆಂಬುಲೆನ್ಸ್ – 108
ಅಗ್ನಿಶಾಮಕ ದಳ – 101
ಮಕ್ಕಳ ಸಹಾಯವಾಣಿ – 1098
ವಿದ್ಯುತ್ ದೂರು – 1912

ಆಟಕ್ಕೆ ಈ ನಂಬರುಗಳನ್ನು ಒತ್ತಿದರೆ ನಿಜವಾಗಿ ಕಷ್ಟದಲ್ಲಿರುವವರ ಕರೆ ತಡವಾಗುತ್ತದೆ ಎಂದೂ ತಿಳಿಸಬೇಕು. ಅಭ್ಯಾಸಕ್ಕೆ ಆಟದ ಫೋನು ಸಾಕು.

ವೇಷ ನೋಡಿ ನಂಬುವುದಲ್ಲ

ಇಲ್ಲೊಂದು ಎಚ್ಚರಿಕೆಯ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಉಪಕಾರಿಗಳನ್ನು ಗೌರವಿಸು ಎಂದು ಕಲಿಸುವುದೆಂದರೆ, ದೊಡ್ಡವರು ಏನು ಹೇಳಿದರೂ ತಲೆಬಾಗು ಎಂದು ಕಲಿಸುವುದಲ್ಲ. ಒಳ್ಳೆಯ ವೈದ್ಯರು ಮಗುವನ್ನು ಅಮ್ಮನ ಎದುರಿನಲ್ಲಿ, ಏನು ಮಾಡುತ್ತೇನೆಂದು ಹೇಳಿ ಪರೀಕ್ಷಿಸುತ್ತಾರೆ. ನಿಜವಾಗಿ ನೆರವಾಗುವವರು "ಇದನ್ನು ಮನೆಯಲ್ಲಿ ಹೇಳಬೇಡ" ಎನ್ನುವುದಿಲ್ಲ. ಹಾಗೆ ಹೇಳಿದವರು ಶಿಕ್ಷಕರಿರಲಿ, ನೆಂಟರಿರಲಿ, ನೆರೆಯವರಿರಲಿ, ಇಗರ್ಜಿಯವರೇ ಇರಲಿ, ಆ ಗುಟ್ಟನ್ನು ಮಗು ಅದೇ ದಿನ ಮನೆಯಲ್ಲಿ ಹೇಳಬೇಕು. ಹೇಳಿದಾಗ ನಾವು ಬೈಯದೆ ಕೇಳಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯಲು 2012ರಲ್ಲಿ ಬಂದ ಪೋಕ್ಸೋ ಕಾನೂನಿನ ಪ್ರಕಾರ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಾನಕ್ಕೆ ಅಂಜಿ ಮುಚ್ಚಿಡುವಂತಿಲ್ಲ. ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂದು ಬೆಳೆಸಿದ ಮಗು ಪೊಲೀಸರ ಎದುರು ಬಾಯಿ ಬಿಡುವುದು ಹೇಗೆ? ನಮ್ಮ ಸಣ್ಣ ಬೆದರಿಕೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಯೋಚಿಸಿ ನೋಡಿ.

ಮನೆಯಲ್ಲಿ ಮಾಡಬಹುದಾದದ್ದು

ಮೂರರಿಂದ ಐದು ವರ್ಷದ ಮಕ್ಕಳಿಗೆ: ಆಟವೇ ಪಾಠ. ಚೀಲ ಹೆಗಲಿಗೆ ಹಾಕಿ ಅಂಚೆಯವರಾಗಲಿ, ಗೊಂಬೆಯ ಜ್ವರ ನೋಡಲಿ, ಹಾಳೆಯಲ್ಲಿ ಮಣ್ಣು ತುಂಬಿಸಿ ಎಳೆಯಲಿ. ಮನೆಗೆ ಬಂದವರಿಗೆ ಒಂದು ಲೋಟ ನೀರು ಕೊಡುವ ಕೆಲಸ ಅವರದ್ದು.

ಆರರಿಂದ ಎಂಟು ವರ್ಷದವರಿಗೆ: ವಾರಕ್ಕೊಬ್ಬರ ಪರಿಚಯ ಮಾಡಿಸಿ. ಬಿಡುವು ನೋಡಿಕೊಂಡು, ಅವರನ್ನು ಕೇಳಿಯೇ, ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ. ಹೆಸರು, ಕೆಲಸದ ಹೊತ್ತು, ಬಳಸುವ ಸಲಕರಣೆ, ಅತ್ಯಂತ ಕಷ್ಟದ ಸಂಗತಿ, ಈ ನಾಲ್ಕನ್ನು ಮಗು ಕೇಳಿ ಬರೆಯಲಿ.

ಒಂಬತ್ತು ದಾಟಿದವರಿಗೆ: ಗಾಯ ತೊಳೆಯುವ ಕ್ರಮ, ಫೋನು ಮಾಡಿ ವಿಳಾಸ ಹೇಳುವ ಕ್ರಮ, ಆಂಬುಲೆನ್ಸ್ ಬರುವಾಗ ಗೇಟು ತೆರೆದು, ನಾಯಿ ಕಟ್ಟಿ, ದಾರಿ ತೋರಿಸಲು ನಿಲ್ಲುವ ಕ್ರಮ. ರಜೆಯಲ್ಲಿ ಎರಡು ಸಲ ಮಾಡಿಸಿ ನೋಡಿ. ಹಾವು ಕಚ್ಚಿದವರನ್ನು ನಡೆಸದೆ, ಬಿಗಿದು ಕಟ್ಟದೆ, ಗಾಯ ಕೊಯ್ಯದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನೂ ಈ ವಯಸ್ಸಿಗೆ ಹೇಳಿಕೊಡಬಹುದು.

ಇವೆಲ್ಲಕ್ಕೂ ಮೊದಲು ಹಿರಿಯರಿಗೆ ಒಂದು ಸಣ್ಣ ಮನೆಪಾಠ ಇದೆ. ಈ ವಾರ ಊಟದ ಹೊತ್ತಿನಲ್ಲಿ ಡಾಕ್ಟರರ ಹೆಸರು, ಹಟದ ಹೊತ್ತಿನಲ್ಲಿ ಪೊಲೀಸರ ಹೆಸರು ಎತ್ತದಿರೋಣ. ಅದರ ಬದಲು ರಾತ್ರಿ ಮಲಗುವ ಮುಂಚೆ ಮಗುವಿನ ಹತ್ತಿರ, "ಇವತ್ತು ನಮ್ಮ ಮನೆಗೆ ಯಾರು ಬಂದಿದ್ದರು, ಏನು ಕೆಲಸ ಮಾಡಿಕೊಟ್ಟರು?" ಎಂದು ಕೇಳೋಣ. ಉತ್ತರ ಹೇಳುತ್ತಾ ಹೇಳುತ್ತಾ, "ಅಮ್ಮಾ, ನಿನ್ನೆ ಆ ನಾಯಿಮರಿ ನನಗೆ ಇಲ್ಲಿ ಪರಚಿತು" ಎಂಬ ಮಾತೂ ಹೊರಬರಬಹುದು. ಬಂದರೆ ಕೂಡಲೇ ಎದ್ದು ಸಾಬೂನು, ನೀರು ಹಿಡಿದು ಗಾಯ ತೊಳೆಯಿರಿ. ಬೆಳಿಗ್ಗೆ ಎದ್ದು ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೊರಡಿ.